ಒಳಾಂಗಣ ಸಮಾರಂಭ ಮತ್ತು ಕಿರುಕ್ಯಾಮೆರಾ

ಸಭಾಭವನದೊಳಗಿನ ಸಮಾರಂಭದ ಛಾಯಾಗ್ರಹಣವೆಂದರೆ ಬೆಳಕಿನ ಮಿತವ್ಯಯವೇ ಸರಿ. 2008ರಲ್ಲಿ ಬಂದ ಪ್ಯಾನಾಸೋನಿಕ್ ಲ್ಯೂಮಿಕ್ಸ್ ಜಿ1 ಹಾಗೂ ಅದರ ವರ್ಗದ ಕ್ಯಾಮೆರಾಗಳಲ್ಲಿ ಮಸೂರದ ಹಿಂದೆ ಕನ್ನಡಿಯಿಲ್ಲ; ಆದುದರಿಂದಲೇ ಅವು ಕಿರಿದು, ಹಗುರ. ಆದರೆ ಅವುಗಳಲ್ಲಿ ಬೆಳಕನ್ನು ಗ್ರಹಿಸುವ ಸಂವೇದಕದ ಅಳತೆ 17.3 × 13 ಮಿ.ಮೀ. ಮಾತ್ರ, ವಿಸ್ತಾರದಲ್ಲಿ ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಸುಮಾರು ಕಾಲುಭಾಗ.

ಈ ಕೊರತೆಯನ್ನು ತುಂಬಿಕೊಡುವುದು ಮಸೂರ. ಎಫ್/3.5ರ ದ್ವಾರಕ್ಕಿಂತ ಎಫ್/1.8ರ ದ್ವಾರವು ಸುಮಾರು ನಾಲ್ಕು ಪಟ್ಟು ಬೆಳಕನ್ನು ಒಳಗೊಳ್ಳುತ್ತದೆ. ಇನ್ನು ಷಟರಿನ ವೇಗ. ಭಾರತದ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50 ಆದುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿನ ವೇಗ ಮಿತಿಮೀರಿದರೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೂಡುವುದುಂಟು. ಸೆಕೆಂಡಿನ 1/100 ಭಾಗಕ್ಕೆ ನಿಲ್ಲಿಸಿದರೆ ಆ ದೋಷ ಬಹುಮಟ್ಟಿಗೆ ನೀಗುತ್ತದೆ. ನಿಂತು ಭಾಷಣ ಮಾಡುವವರಿಗೆ ಈ ವೇಗವೇ ಸಾಕು.

ಗ್ರಾಹಕಶಕ್ತಿಯನ್ನು ಐಎಸ್‌ಒ 1600 ಅಥವಾ 3200ಕ್ಕೆ ಏರಿಸಿದಾಗ ಚಿತ್ರ ಕೊಂಚ ಒರಟಾದೀತು. ಅದು ಸಹ್ಯ, ಅಲುಗಿ ಮಸುಕಾದ ಮುಖವನ್ನು ಮಾತ್ರ ಅನಂತರ ತಿದ್ದುವುದು ಕಷ್ಟ. ಫ್ಲಾಷಿನ ಮಿಂಚು ಸಭೆಯ ಏಕಾಗ್ರತೆಯನ್ನು ಕದಡುತ್ತದೆ. ಪಾರಿತೋಷಕಕ್ಕೆ ಕೈಯೊಡ್ಡಿದ ಬಾಲಕಿಯ ಮೊಗದ ಹಿಗ್ಗು ಎರಡನೆಯ ಬಾರಿ ಬಾರದು. ಇರುವ ಬೆಳಕಿನಲ್ಲಿಯೇ, ಸಭಾಗಾಂಭೀರ್ಯಕ್ಕೆ ಭಂಗ ಬಾರದಂತೆ, ಆ ಕ್ಷಣವನ್ನು ಉಳಿಸಿಕೊಡುವುದೇ ಈ ಕಿರುಯಂತ್ರದ ಸಾರ್ಥಕ್ಯ.