ನಲ್ಲಿಯ ನೀರಿನ ತವರು

ಕಲಬುರಗಿಯ ಮನೆಯೊಂದರಲ್ಲಿ ನಲ್ಲಿಯನ್ನು ತಿರುಗಿಸಿ ಒಂದು ಲೋಟ ನೀರು ಹಿಡಿಯೋಣ. ಈ ನೀರಿನ ತವರು ಯಾವುದು? ನಗರಕ್ಕೆ ನೀರೊದಗಿಸುವ ನದಿಗಳು ಎರಡು: ದಕ್ಷಿಣಕ್ಕೆ ಹರಿಯುವ ಭೀಮೆ ಒಂದು, ಕಮಲಾಪುರದ ಕಡೆಯ ಹಳ್ಳಗಳನ್ನು ಕೂಡಿಸಿಕೊಂಡು ಬರುವ ಬೆಣ್ಣೆತೊರೆ ಇನ್ನೊಂದು. ಮೊದಲನೆಯದು ಬೆಟ್ಟದ ಮಗಳು, ಎರಡನೆಯದು ಬಯಲಿನ ಮಗಳು. ಆವಿಯ ಗುಪ್ತೋಷ್ಣವನ್ನು ವರ್ಷ ವರ್ಷವೂ ತರಗತಿಯಲ್ಲಿ ಬೋಧಿಸುವ ನಾವು ಈ ಲೋಟದ ಕಡೆಗೆ ಬೆರಳು ತೋರಿಸಿದುದು ವಿರಳ. ಆ ಸಾಲವನ್ನು ಇಲ್ಲಿ ಸ್ವಲ್ಪ ತೀರಿಸಲು ಯತ್ನಿಸುತ್ತೇವೆ.

ಭೀಮೆಯನ್ನು ಪರ್ವತನದಿಯೆಂದರೆ ನಮ್ಮ ವಿದ್ಯಾರ್ಥಿಗಳು ನಕ್ಕಾರು. ಜೇವರ್ಗಿಯ ಮಾರ್ಗದ ಸೇತುವೆಯ ಮೇಲೆ ನಿಂತು ನಾಲ್ದೆಸೆಗೆ ಕಣ್ಣು ಹಾಯಿಸಿದರೆ ಕಾಣುವುದು ತೊಗರಿಯ ಹೊಲಗಳೇ ಹೊರತು ಬೆಟ್ಟವಲ್ಲ. ಬೆಟ್ಟ ಇರುವುದು ನೂರಾರು ಮೈಲಿ ಪಶ್ಚಿಮಕ್ಕೆ, ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅರಬ್ಬೀ ಸಮುದ್ರದ ತೇವಗಾಳಿ ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲೇರಬೇಕಾಗುತ್ತದೆ. ಮೇಲೇರಿದಂತೆ ಒತ್ತಡ ಕಡಮೆಯಾಗಿ ಗಾಳಿ ಹಿಗ್ಗುತ್ತದೆ; ಹಿಗ್ಗಿದಾಗ ತಣಿಯುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿದೀತು. ಆವಿ ಹನಿಗಟ್ಟಲಾರಂಭಿಸಿದೊಡನೆ ಹೊರಬರುವ ಗುಪ್ತೋಷ್ಣವು ತಣಿಯುವ ವೇಗವನ್ನು ತಗ್ಗಿಸುತ್ತದೆ. ಹೀಗೆ ಗಿರಿಶಿಖರದ ಮೇಲೆ ವರ್ಷಕ್ಕೆ 3000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಅದೇ ಗಾಳಿ ಪೂರ್ವಕ್ಕೆ ಇಳಿಯುವಾಗ ಕುಗ್ಗಿ ಬೆಚ್ಚಗಾಗಿ ಒಣಗುತ್ತದೆ. ಕಲಬುರಗಿಗೆ ದೊರೆಯುವುದು ಅದರ ಕಾಲು ಭಾಗದಷ್ಟು ಮಾತ್ರ. ನಮಗೆ ಮಳೆಯನ್ನು ಕೊಡದ ಬೆಟ್ಟವೇ ನಮಗೆ ನದಿಯನ್ನು ಕೊಟ್ಟಿದೆ!

ಸುಮಾರು 860 ಕಿಲೋಮೀಟರು ಉದ್ದದ ಈ ನದಿ ಪುಣೆಯ ಮುಳಾ-ಮುಠಾ, ಮುಂದೆ ನೀರಾ, ಸೀನಾಗಳನ್ನು ಸೇರಿಸಿಕೊಳ್ಳುತ್ತದೆ. ಪಂಢರಪುರದಲ್ಲಿ ಚಂದ್ರನ ಕಲೆಯಂತೆ ಬಾಗಿ ಚಂದ್ರಭಾಗಾ ಎನಿಸಿಕೊಳ್ಳುತ್ತದೆ. ಗಾಣಗಾಪುರದ ಬಳಿ ಅಮರಜಾ ಬಂದು ಕೂಡುವ ಸಂಗಮದಲ್ಲಿ ಯಾತ್ರಿಕರು ಮುಳುಗೇಳುವುದನ್ನು ಓದುಗರು ನೋಡಿರಬಹುದು. ದಡದ ಮೇಲೆ ಬಿಸಿಲು ಸುಡುತ್ತಿರುವಾಗಲೂ ಒಮ್ಮೊಮ್ಮೆ ಅಲ್ಲಿ ನೀರು ಮೆಟ್ಟಿಲೇರುವುದುಂಟು. ಪ್ರವಾಹದ ಅಲೆ ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಸಾಗುತ್ತದೆಂದು ಹಿಡಿದರೆ ದಿನವೊಂದಕ್ಕೆ ಅದು ಸುಮಾರು 130 ಕಿಲೋಮೀಟರು ನಡೆದೀತು. ಇಂದು ಸಂಗಮದಲ್ಲಿ ಏರುವ ನೀರು ಹಲವು ದಿನಗಳ ಹಿಂದಿನ ಮಳೆ. ಸೋಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟು ಈ ಅಲೆಯನ್ನು ಬಹುಮಟ್ಟಿಗೆ ತಡೆಹಿಡಿಯುತ್ತದೆ. ಆದರೆ ತುಂಬಿದ ಕೊಡ ಮತ್ತಷ್ಟು ನೀರನ್ನು ಹಿಡಿಯಲಾರದಷ್ಟೆ.

ಇನ್ನು ಲೋಟದ ಉಳಿದ ಭಾಗಕ್ಕೆ ಬರೋಣ. ಕಲಬುರಗಿಯಿಂದ ಈಶಾನ್ಯಕ್ಕೆ ಹುಮನಾಬಾದ್ ಮಾರ್ಗದಲ್ಲಿ ಕಮಲಾಪುರ ದೊರೆಯುತ್ತದೆ. ಅದನ್ನು ದಾಟಿ ಬೀದರ ಜಿಲ್ಲೆಯ ಎತ್ತರದ ನೆಲಕ್ಕೆ ಹೋದರೆ ನೀರಿನ ಹಾದಿ ಇಬ್ಭಾಗವಾಗುತ್ತದೆ. ಕಾರಂಜಾದ ನೀರು ಮಾಂಜ್ರಾದ ಮೂಲಕ ಗೋದಾವರಿಗೆ. ಮುಲ್ಲಾಮಾರಿಯದು ಕಾಗಿಣಾ, ಭೀಮೆಗಳ ಮೂಲಕ ಕೃಷ್ಣೆಗೆ. ಕಮಲಾಪುರದ ಸೀಮೆ ಕೃಷ್ಣೆಯ ಪಾಲಿನದು. ಗಂಡೋರಿ ನಾಲಾ ಬೆಣ್ಣೆತೊರೆಯನ್ನು ಸೇರುತ್ತದೆ, ಬೆಣ್ಣೆತೊರೆ ಕಾಗಿಣಾವನ್ನು, ಕಾಗಿಣಾ ಹೊನಗುಂಟದ ಬಳಿ ಭೀಮೆಯನ್ನು.

ಇಲ್ಲಿ ಬೆಟ್ಟದ ಕೆಲಸವನ್ನು ಮಾಡುವುದು ಮಣ್ಣು. ಲಾವಾಶಿಲೆ ಸವೆದು ಆದ ಈ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಮೊದಲ ಮಳೆ ಆ ಬಿರುಕುಗಳೊಳಗೆ ಇಳಿದು ಹೋಗುತ್ತದೆ. ಹಳ್ಳಕ್ಕೆ ಹನಿಯೂ ಬಾರದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಎಂದರೆ ಸುಮಾರು 4000 ಲೀಟರು. ಹಾಗೆ ಇಂಗಿದ್ದರಲ್ಲಿ ಒಂದು ಪಾಲು ಕೆಳಗಿನ ಬಂಡೆಯ ಸೀಳುಗಳನ್ನು ಸೇರಿ ಬಾವಿಗಳಿಗೆ ಬರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ವರ್ಷಕ್ಕೂ ಹೆಚ್ಚು ಕಾಲ ನೆಲದಲ್ಲಿ ನಿಂತು, ಮಳೆಯಿಲ್ಲದ ತಿಂಗಳುಗಳಲ್ಲಿಯೂ ನೀರು ಬೇಡುವ ಬೆಳೆ. ಆ ಹಣ್ಣನ್ನು ಸವಿಯುವವರು ಜೂನ್ ತಿಂಗಳ ಬಿರುಕುಗಳನ್ನೂ ಒಮ್ಮೆ ನೆನೆಯಬಹುದು. ಮಳೆಗಾಲದ ಕೊನೆಗೆ ಮಣ್ಣು ನೀರುಂಡು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಗ ಹೊಲವು ತಗಡಿನ ಮಾಡಿನಂತೆ. ಬಿದ್ದದ್ದೆಲ್ಲ ಜಾರಿ ಹೋಗುತ್ತದೆ.

2020ರ ಅಕ್ಟೋಬರಿನಲ್ಲಿ ಆದದ್ದು ಇದೇ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು 13ರಂದು ಕಾಕಿನಾಡದ ಸಮೀಪ ನೆಲವನ್ನೇರಿ, ತೆಲಂಗಾಣವನ್ನು ಹಾಯ್ದು, ನಮ್ಮ ತಲೆಯ ಮೇಲಿಂದ ಪಶ್ಚಿಮಕ್ಕೆ ಸಾಗಿತು. ಸಹ್ಯಾದ್ರಿಗೆ ಬೆನ್ನು ಹಾಕಿ ಪೂರ್ವದಿಂದ ಬಂದ ಮಳೆಯದು! ಅದಕ್ಕೆ ಬೆಟ್ಟದ ಗೋಡೆಯ ನೆರವು ಬೇಕಿರಲಿಲ್ಲ. ಸುಳಿಯೇ ಗಾಳಿಯನ್ನು ಮೇಲಕ್ಕೆತ್ತುತ್ತಿತ್ತು. ಕೆಳಗೆ ಉಬ್ಬಿ ಮುಚ್ಚಿದ ಎರೆಮಣ್ಣು, ಮೇಲ್ಗಡೆ ತುಂಬಿ ನಿಂತ ಉಜನಿ. ಕಾಗಿಣಾ ಉಕ್ಕಿತು; ಭೀಮೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳನ್ನು ಹೊಕ್ಕಿತು. ಮಹಾರಾಷ್ಟ್ರದಿಂದ ಬಿಟ್ಟ ನೀರೇ ಸರ್ವ ಕಾರಣವೆಂಬ ಮಾತು ಆಗ ಎಲ್ಲೆಡೆ ಕೇಳಿಬಂತು. ಅದು ಅರ್ಧ ಸತ್ಯವೆಂಬುದು ನಮ್ಮ ಅಭಿಪ್ರಾಯ. ಕಾಗಿಣಾಕ್ಕೆ ಉಜನಿಯ ಒಂದು ಹನಿಯೂ ಬರುವ ದಾರಿಯಿಲ್ಲ. ಅಲ್ಲಿ ಹರಿದುದು ನಮ್ಮ ಹೊಲಗಳಿಂದ ಜಾರಿದ ನೀರು.

ಕಮಲಾಪುರದ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ಪರೀಕ್ಷಿಸಿ ನೋಡುವ ಸೌಕರ್ಯ ನಮಗಿಂತ ಹೆಚ್ಚು. ನೆಟ್ಟಗಿನ ಗೋಡೆಯ, ಚಪ್ಪಟೆ ತಳದ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ ಅಳತೆಪಟ್ಟಿಯಿಂದ ನೀರಿನ ಆಳವನ್ನು ಅಳೆದು, ಬರೆದುಕೊಂಡು, ಚೆಲ್ಲಬೇಕು. ಜೂನಿನಲ್ಲಿ ಎಷ್ಟು ಮಿಲಿಮೀಟರು ಬಿದ್ದ ಮೇಲೆ ಊರ ಹಳ್ಳಕ್ಕೆ ನೀರು ಬಂತು? ಸೆಪ್ಟೆಂಬರಿನಲ್ಲಿ ಎಷ್ಟು ಬಿದ್ದ ಮೇಲೆ ಬಂತು? ಈ ಎರಡು ಅಂಕಿಗಳ ನಡುವಿನ ಅಂತರವೇ, ಸ್ಥೂಲವಾಗಿ, ಜೂನಿನ ಬಾಯಾರಿದ ಮಣ್ಣು ಹೆಚ್ಚಾಗಿ ಕುಡಿದ ನೀರು.