ಉದ್ಯೋಗಸ್ಥಳದಲ್ಲಿ ಕಿರುಕುಳ

ಮೇಲಧಿಕಾರಿಯ ಅಸಭ್ಯ ವರ್ತನೆಯನ್ನು ಮಗಳು ಮನೆಯಲ್ಲಿ ಹೇಳಿಕೊಂಡರೆ, “ಸಹಿಸಿಕೊಂಡು ಹೋಗಮ್ಮ” ಎನ್ನುವುದು ನಮ್ಮ ಗೃಹಸ್ಥರ ವಾಡಿಕೆ. ನಾನೂ ಹಾಗೆಯೇ ಎಂದೆನು. ಎರಡು ತಿಂಗಳು ವೃಥಾ ಕಳೆದುವು. 2013ರ ಕಾಯಿದೆಯ ಪ್ರಕಾರ ಲೈಂಗಿಕ ಕಿರುಕುಳದ ದೂರನ್ನು ಘಟನೆ ನಡೆದ 3 ತಿಂಗಳೊಳಗಾಗಿ ಬರೆದು ಸಲ್ಲಿಸತಕ್ಕದ್ದು. ಸಕಾರಣವಿದ್ದಲ್ಲಿ ಮಾತ್ರ ಇನ್ನೂ 3 ತಿಂಗಳ ಅವಕಾಶ ದೊರೆಯಬಹುದು. 10 ಮಂದಿ ಅಥವಾ ಹೆಚ್ಚು ನೌಕರರಿರುವೆಡೆ ಸ್ತ್ರೀಯೊಬ್ಬರ ಅಧ್ಯಕ್ಷತೆಯ ಆಂತರಿಕ ಸಮಿತಿಯು ಇರಲೇಬೇಕು. ಅದಕ್ಕೂ ಕಡಮೆ ಜನರಿರುವಲ್ಲಿ, ಅಥವಾ ಯಜಮಾನನೇ ಅಪರಾಧಿಯಾದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರಬಹುದು. ಮನೆಗೆಲಸದ ಹೆಂಗಸರಿಗೂ ಈ ರಕ್ಷಣೆಯುಂಟು. (ಇದನ್ನು ನಾವು ಯಜಮಾನರೂ ನೆನಪಿಡುವುದು ಒಳಿತು.) ಒಂದು ರಾತ್ರಿ ಕಾಗದವನ್ನು ನಾನೇ ಅವಳ ಮುಂದಿಟ್ಟೆನು. ದಿನಾಂಕ, ವೇಳೆ, ಅವನಾಡಿದ ಮಾತು, ಬಳಿಯಲ್ಲಿದ್ದವರ ಹೆಸರು—ನೆನಪಾದುದನ್ನೆಲ್ಲ ಅವಳು ಬರೆದಳು. ಸಮಿತಿಯೆದುರು ಅವಳಿಗೆ ಆಧಾರವಾದುದು ಆ ನಾಲ್ಕು ಹಾಳೆಗಳೇ.