ನೀಲಿ ಹೊಗೆ ಕಂಡೊಡನೆ ಬೋರನ್ನು ದೂರಬೇಡಿ

ಪರ್ವತದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಮೋಟಾರಿನ ಹಿಂದೆ ನೀಲಿ ಹೊಗೆ ಕಂಡರೆ ಒಳಗೆ ಎಣ್ಣೆ ಉರಿಯುತ್ತಿದೆಯೆಂದು ಊಹಿಸುವುದೂ ಅಷ್ಟೇ ಸರಿ. ಆದರೆ ಆ ಎಣ್ಣೆ ಯಾವ ದಾರಿಯಿಂದ ಒಳಹೊಕ್ಕಿತೆಂಬುದನ್ನು ಹೊಗೆಯೊಂದೇ ಹೇಳಲಾರದು. ಈ ಭೇದವನ್ನು ಮರೆತು, ಹೊಗೆ ಕಂಡೊಡನೆ ಬೋರು ಹಾಳಾಯಿತೆಂದು ತೀರ್ಪು ಕೊಡುವವರು ಹಲವರಿದ್ದಾರೆ. ಆ ತೀರ್ಪಿನ ದಂಡವನ್ನು ತೆರುವವನು ಮಾತ್ರ ಗಾಡಿಯ ಒಡೆಯ.

ಈ ಮಾತು ನೆನಪಾದದ್ದು ನಮ್ಮ ಮಿತ್ರರೊಬ್ಬರ ಪ್ರೀಮಿಯರ್ ಪದ್ಮಿನಿಯ ದೆಸೆಯಿಂದ. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿ, ಮುಂಬಯಿಯ ಬೀದಿಗಳಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿದ ಈ ಗಾಡಿ 2023ರ ಅಕ್ಟೋಬರಿನಲ್ಲಿ ಆ ವೃತ್ತಿಯಿಂದ ನಿವೃತ್ತವಾಯಿತು. ಆದರೂ ಮನೆಯ ಗಾಡಿಯೆಂದು ಅದನ್ನು ಜತನದಿಂದ ಕಾಪಾಡಿಕೊಂಡವರು ಇನ್ನೂ ಇದ್ದಾರೆ. ನಮ್ಮ ಮಿತ್ರರದು ಅವರ ತಂದೆಯವರು ಕೊಂಡ ಗಾಡಿ. ರಜೆಯಲ್ಲಿ ಸಂಸಾರವನ್ನೆಲ್ಲ ತುಂಬಿಕೊಂಡು ಘಟ್ಟಗಳನ್ನು ದಾಟಿ ಊರಿಗೆ ಹೋಗಿಬಂದ ಗಾಡಿ. ಅದರ ಎಂಜಿನನ್ನು ಬಿಚ್ಚಿಸಿ, ಬೋರು ಹೊಡೆಸಿ, ಹೊಸ ಪಿಸ್ಟನ್ನುಗಳನ್ನೂ ಹೊಸ ರಿಂಗುಗಳನ್ನೂ ಹಾಕಿಸಿದ್ದರು. 1500 ಕಿಲೋಮೀಟರು ಓಡುವುದರೊಳಗೆ ನೀಲಿ ಹೊಗೆ ಕಾಣಿಸಿಕೊಂಡಿತು. ಗ್ಯಾರೇಜಿನವರು ಪ್ಲಗ್ಗಿನ ರಂಧ್ರದೊಳಗೆ ಸಣ್ಣ ಕ್ಯಾಮರಾ ಇಳಿಸಿ, ಮೊಬೈಲಿನ ಪರದೆಯ ಮೇಲೆ ಸಿಲಿಂಡರಿನ ಗೋಡೆಯ ಗೀರುಗಳನ್ನು ತೋರಿಸಿದರು. "ಗೋಡೆ ಗೀಚಿಹೋಗಿದೆ ಸಾಹೇಬರೆ, ಮತ್ತೆ ಬೋರು ಹೊಡೆಯಲೇಬೇಕು" ಎಂದರು.

ಹಣದ ಮಾತು ಒಂದು ಕಡೆಗಿರಲಿ. ಈ 1089 ಸಿಸಿ ಎಂಜಿನಿನ ಮೂಲ ಬೋರು 68 ಮಿಲಿಮೀಟರು. ಒಂದೊಂದು ಸಲ ಕೊರೆದಾಗಲೂ ಗೋಡೆಯ ಲೋಹ ತುಸು ತುಸು ಸವೆಯುತ್ತದೆ. ಹೋದ ಲೋಹ ಮರಳಿ ಬಾರದು. ದಪ್ಪ ಪಿಸ್ಟನ್ನುಗಳು ದೊರೆಯುವುದು ಕೆಲವೇ ಅಳತೆಗಳವರೆಗೆ. ಆಮೇಲೆ ಉಳಿಯುವುದು ಒಳಗೆ ಲೈನರು ತೊಡಿಸುವ ದಾರಿಯೊಂದೇ. ತಯಾರಿಕೆ ನಿಂತು ಎರಡು ದಶಕ ಮೀರಿದ ಗಾಡಿಯಲ್ಲಿ ಅನಾವಶ್ಯಕವಾಗಿ ಬೋರು ಹೊಡೆಸುವುದೆಂದರೆ ಅದರ ಉಳಿದ ಆಯುಷ್ಯವನ್ನು ಕೈಯಾರೆ ಕಳೆದಂತೆ. ಆದಕಾರಣ ಬಿಚ್ಚುವ ಮುನ್ನ ಪರೀಕ್ಷಿಸಬೇಕು.

ಹೊಗೆ ಹೇಳುವ ಸುದ್ದಿ

ಮೊದಲು ಬಣ್ಣವನ್ನು ಗುರುತಿಸಬೇಕು. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾದುದರ ಗುರುತು. ಚಳಿಯ ಮುಂಜಾನೆಯ ಬಿಳಿ ಹೊಗೆ ಬರಿಯ ಆವಿ. ಎಂಜಿನು ಕಾದ ಮೇಲೂ ಅದು ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಸೇರುತ್ತಿದೆಯೆಂದು ಶಂಕಿಸಬೇಕು. ನೀಲಿ ಹೊಗೆಯೊಂದೇ ಎಣ್ಣೆಯದು.

ಅದು ಯಾವಾಗ ಬರುತ್ತದೆಂಬುದು ಬಣ್ಣಕ್ಕಿಂತಲೂ ಮುಖ್ಯ. ಇದನ್ನರಿಯಲು ಖಂಡಾಳಾ ಘಟ್ಟಕ್ಕಿಂತ ಒಳ್ಳೆಯ ಪರೀಕ್ಷಾಶಾಲೆ ಬೇಡ. ಘಟ್ಟವೇರುವಾಗ ಎಡೆಬಿಡದೆ ನೀಲಿ ಹೊಗೆ ಬಂದು, ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದಲೂ ಹಬೆ ನುಗ್ಗಿದರೆ ಸಂಶಯ ರಿಂಗುಗಳ ಮೇಲೂ ಗೋಡೆಯ ಮೇಲೂ ಬೀಳುತ್ತದೆ. ಏರುವಾಗ ಸುಮ್ಮನಿದ್ದು, ಆಕ್ಸಿಲರೇಟರು ಬಿಟ್ಟು ಗೇರಿನಲ್ಲೇ ಬಹುದೂರ ಇಳಿದು, ಮತ್ತೆ ಒತ್ತಿದಾಗ ಒಮ್ಮೆಗೇ ಹೊಗೆ ಹೊರಬಿದ್ದರೆ ಅಪರಾಧಿ ಬೇರೆ. ಇಳಿಜಾರಿನಲ್ಲಿ ಗಾಳಿಯ ದಾರಿ ಮುಚ್ಚಿರುವುದರಿಂದ ಸಿಲಿಂಡರಿನಲ್ಲಿ ಸೆಳೆತ ಬಲವಾಗುತ್ತದೆ. ಸವೆದ ವಾಲ್ವ್ ಗೈಡುಗಳ ಸಂದಿನಿಂದ ಎಣ್ಣೆ ಕೆಳಕ್ಕೆ ಎಳೆಯಲ್ಪಡುತ್ತದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಹೊರಡುವಾಗ ಒಂದು ಬುಗ್ಗೆ ಹೊಗೆ ಬಿಟ್ಟು ಸುಮ್ಮನಾಗುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ.

ಎಣ್ಣೆಯ ಖರ್ಚನ್ನೂ ಅಳೆದೇ ನೋಡತಕ್ಕದ್ದು. ಗುರುತಿನವರೆಗೆ ತುಂಬಿಸಿ, 500 ಕಿಲೋಮೀಟರು ಓಡಿಸಿ, ಮತ್ತೆ ಗುರುತು ಮುಟ್ಟಿಸಲು ಎಷ್ಟು ಬೇಕಾಯಿತೆಂದು ಬರೆದಿಡಬೇಕು. ಗಾಡಿಯಡಿಯಲ್ಲಿ ರಾತ್ರಿ ಒಂದು ಕಾಗದ ಹಾಸಿದರೆ ಸೋರಿದ್ದೆಷ್ಟು ಎಂಬುದೂ ಬಯಲಾಗುತ್ತದೆ.

ಒತ್ತಡದ ಸಾಕ್ಷ್ಯ

ಮುಂದಿನದು ಕಂಪ್ರೆಶನ್ ಪರೀಕ್ಷೆ. ಎಂಜಿನನ್ನು ಕಾಯಿಸಿ, ಪ್ಲಗ್ಗುಗಳನ್ನೆಲ್ಲ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಒಂದೊಂದು ಸಿಲಿಂಡರಿನ ಒತ್ತಡವನ್ನೂ ಮೀಟರಿನಿಂದ ಅಳೆಯಬೇಕು. ಯಾವುದಾದರೊಂದು ಎದ್ದುಕಾಣುವಷ್ಟು ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿತೆಂದರೆ ರಿಂಗಿನ ಸಂದನ್ನು ಎಣ್ಣೆ ಮುಚ್ಚಿತೆಂದರ್ಥ. ದೋಷ ರಿಂಗಿನದು ಅಥವಾ ಗೋಡೆಯದು. ಏರದಿದ್ದರೆ ವಾಲ್ವನ್ನೂ ಗ್ಯಾಸ್ಕೆಟ್ಟನ್ನೂ ವಿಚಾರಿಸಬೇಕು.

ಇಲ್ಲೊಂದು ಎಚ್ಚರಿಕೆ. ಒತ್ತಡ ಹಿಡಿಯುವ ರಿಂಗುಗಳು ಬೇರೆ, ಗೋಡೆಯ ಎಣ್ಣೆಯನ್ನು ಹೆರೆದು ಕೆಳಗಿಳಿಸುವ ರಿಂಗು ಬೇರೆ. ಈ ಕೊನೆಯದು ಮುರಿದಿದ್ದರೆ ಅಥವಾ ತಪ್ಪಾಗಿ ಕೂತಿದ್ದರೆ ಮೀಟರು ಎಲ್ಲವೂ ಸರಿಯೆನ್ನುತ್ತದೆ, ಎಣ್ಣೆ ಮಾತ್ರ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಒಂದೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡಲಾಗದು. ಪ್ಲಗ್ಗುಗಳನ್ನೂ ನೋಡಬೇಕು, ಯಾವ ಸಿಲಿಂಡರಿನ ಪ್ಲಗ್ಗು ಎಣ್ಣೆಯಿಂದ ಒದ್ದೆಯಾಗಿದೆಯೋ ಅಲ್ಲಿ ಹುಡುಕಬೇಕು.

ಗೀರುಗಳ ಭಾಷೆ

ಇನ್ನು ಕ್ಯಾಮರಾ ತೋರಿಸುವ ಗೀರುಗಳ ವಿಷಯ. ಬೋರು ಹೊಡೆದ ಮೇಲೆ ಗೋಡೆಗೆ ಹೋನಿಂಗ್ ಕಲ್ಲಿನಿಂದ ಸಾಣೆ ಹಿಡಿಯುತ್ತಾರೆ. ಆಗ ಹೆಣೆದ ಚಾಪೆಯಂತೆ ಒಂದನ್ನೊಂದು ಓರೆಯಾಗಿ ಹಾಯುವ ನವುರಾದ ಗೆರೆಗಳು ಮೂಡುತ್ತವೆ. ಅವು ದೋಷವಲ್ಲ, ಎಣ್ಣೆಯ ತೆಳುಪೊರೆಯನ್ನು ಹಿಡಿದಿಟ್ಟು ರಿಂಗುಗಳನ್ನು ಕೂರಿಸುವವೇ ಅವು. ಕ್ಯಾಮರಾದ ಕಣ್ಣು ಕೂದಲೆಳೆಯನ್ನು ಹಗ್ಗವಾಗಿ ತೋರಿಸುತ್ತದೆಂಬುದನ್ನೂ ಮರೆಯಬಾರದು.

ಹೆದರತಕ್ಕದ್ದು ಮೇಲಿಂದ ಕೆಳಕ್ಕೆ ನೇರವಾಗಿ ಇಳಿದ ಗೀರಿಗೆ. ಹೆಡ್ಡು ಬಿಚ್ಚಿದ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾದುದು, ಬೋರಿನ ಮಾತು ಎತ್ತಬಹುದು. ಸಿಕ್ಕದಿದ್ದರೆ ಅಷ್ಟಕ್ಕೇ ಲೋಹ ಕೊರೆಯುವ ಅವಸರ ಬೇಡ. ಗೀರು ಬಿದ್ದ ಸ್ಥಳವೂ ಕಾರಣ ಹೇಳುತ್ತದೆ. ಸುತ್ತಲೂ ಸಣ್ಣ ಸಣ್ಣ ಗೀರುಗಳಿದ್ದರೆ ಸಾಣೆಯ ಪುಡಿ ಒಳಗುಳಿದಿತ್ತು ಅಥವಾ ಏರ್ ಫಿಲ್ಟರು ಧೂಳು ಬಿಟ್ಟಿತು. ಪಿಸ್ಟನ್ನಿನ ಪಿನ್ನಿನ ನೇರಕ್ಕೆ ಆಳವಾದ ಗಾಯವಿದ್ದರೆ ಪಿನ್ನಿನ ಲಾಕು ಕಳಚಿದೆ. ಪಿನ್ನಿಗೆ ಅಡ್ಡವಾದ ಎರಡು ಪಕ್ಕಗಳಲ್ಲಿ ಉಜ್ಜಿದ ಕಲೆಯಿದ್ದರೆ ಪಿಸ್ಟನ್ನಿಗೆ ಬಿಟ್ಟ ಸಂದು ಸಾಲದೆ ಹೋಗಿದೆ, ಇಲ್ಲವೆ ಎಂಜಿನು ಅತಿಯಾಗಿ ಕಾದಿದೆ. ಈ ಕಾರಣವನ್ನು ಕಾಣದೆ ಹೊಸದಾಗಿ ಬೋರು ಹೊಡೆದರೆ ಹಳೆಯ ಗೀರೇ ಮತ್ತೆ ಬರುವುದು.

ಮಿತ್ರರ ಗಾಡಿಯನ್ನು ನಾವು ಹೀಗೆಯೇ ಪರೀಕ್ಷಿಸಿದೆವು. ನಾಲ್ಕು ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಮೆ ಸಮನಾಗಿತ್ತು. ಹೊಗೆ ಬರುತ್ತಿದ್ದುದು ಬೆಳಿಗ್ಗೆ ಹೊರಡುವಾಗ ಮತ್ತು ಇಳಿಜಾರಿನ ತರುವಾಯ. ಪರದೆಯ ಮೇಲಿನ ಗೀರುಗಳಲ್ಲಿ ಬಹುಪಾಲು ಹೋನಿಂಗ್ ಗೆರೆಗಳು. ನೇರವಾದ ಒಂದೆರಡು ಉಗುರಿಗೂ ತಾಕಲಿಲ್ಲ. ಹೆಡ್ಡು ಕಳಚಿದಾಗ ವಾಲ್ವುಗಳು ತಮ್ಮ ಗೈಡುಗಳಲ್ಲಿ ಸಡಿಲವಾಗಿ ಅಲುಗುತ್ತಿದ್ದವು. ಕೆಳಗಿನದೆಲ್ಲವನ್ನೂ ಹೊಸದು ಮಾಡಿದವರು ಮೇಲಿನದನ್ನು ಹಾಗೆಯೇ ಬಿಟ್ಟಿದ್ದರು. ಗೈಡುಗಳನ್ನು ಬದಲಿಸಿದೊಡನೆ ಹೊಗೆ ನಿಂತಿತು. ಬೋರು ಮುಟ್ಟಲಿಲ್ಲ.

ಎಂಜಿನು ಕಟ್ಟಿಸುವ ವಾಚಕರು ಮೇಸ್ತ್ರಿಗಳಲ್ಲಿ ಮೂರು ಮಾತು ಮೊದಲೇ ಕೇಳಿಕೊಳ್ಳಲಿ. ಹೋನಿಂಗ್ ಆದ ಮೇಲೆ ಗೋಡೆಯನ್ನು ಬಿಸಿ ಸೋಪುನೀರಿನಿಂದ, ಬಿಳಿ ಬಟ್ಟೆಗೆ ಕೊಳೆ ಹತ್ತದವರೆಗೆ ತೊಳೆದರೆ? ಒಂದೊಂದು ರಿಂಗನ್ನೂ ಬೋರಿನಲ್ಲಿಟ್ಟು ತುದಿಗಳ ನಡುವಣ ಸಂದನ್ನು ಅಳೆದರೆ? ವಾಲ್ವ್ ಗೈಡುಗಳನ್ನು ನೋಡಿದರೆ? ಗಾಡಿ ಕೈಗೆ ಬಂದ ಮೇಲೆ ಅದನ್ನು ನಿಂತಲ್ಲೇ ಗಂಟೆಗಟ್ಟಲೆ ಗುರುಗುಟ್ಟಿಸದೆ, ಮೊದಲ ಕೆಲವು ನೂರು ಕಿಲೋಮೀಟರು ಹದವಾದ ಭಾರದಲ್ಲಿ, ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸಬೇಕು. ರಿಂಗುಗಳು ಕೂರುವವರೆಗೆ ತುಸು ಹೊಗೆ ಸಹಜವೇ. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಎಂಜಿನಿಗೂ ಸಲ್ಲುತ್ತದೆ.

ಮಿತ್ರರ ಪದ್ಮಿನಿ ಈಗ ಮತ್ತೆ ಘಟ್ಟ ಹತ್ತುತ್ತಿದೆ. ಅದರ ಗೋಡೆಯಲ್ಲಿ ಉಳಿದ ಲೋಹ ಇನ್ನೊಂದು ತಲೆಮಾರಿನ ಪ್ರಯಾಣಕ್ಕೆ ಸಾಕಾದೀತೆಂದು ನಮ್ಮ ನಂಬಿಕೆ.